ಮಾರ್ಚ್ 1ಕ್ಕೆ ವೇಲ್ಸ್‌ನಲ್ಲಿ ಸರ್ಕಾರಿ ರಜೆ ಬೇಕಾ? ಪರ ಮತ್ತು ವಿರೋಧ

ವೇಲ್ಸ್ ಅಂದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಇಂಗ್ಲೆಂಡಿನ ಒಂದು ಮೂಲೆ ಅಷ್ಟೇ. ಆದ್ರೆ ಅದು ಬ್ರಿಟನ್ನಿನೊಳಗೇ ಇರೋ ಬೇರೆಯದೇ ನಾಡು, ಅದಕ್ಕೆ ಅದರದ್ದೇ ಭಾಷೆ ಇದೆ, ಕೆಂಪು ಡ್ರ್ಯಾಗನ್ ಇರೋ ಬಾವುಟ ಇದೆ, ಕಾರ್ಡಿಫ್‌ನಲ್ಲಿ ಸೆನೆಡ್ ಅನ್ನೋ ಪಾರ್ಲಿಮೆಂಟ್ ಇದೆ, ಜನಸಂಖ್ಯೆ ಸುಮಾರು 31 ಲಕ್ಷ. ಆ ನಾಡಿನ ಸಂತ ಡೇವಿಡ್, ಅಲ್ಲಿಯವರ ಬಾಯಲ್ಲಿ ದೆವಿ, 6ನೇ ಶತಮಾನದ ಬಿಷಪ್. ತೀರ್ಕೊಂಡಿದ್ದು ಮಾರ್ಚ್ 1ಕ್ಕೆ ಅಂತ ನಂಬಿಕೆ, ಅದಕ್ಕೇ ಆ ದಿನ ನಾಡಹಬ್ಬ. ಆದ್ರೆ ರಜೆ ಇಲ್ಲ. ಸ್ಕಾಟ್ಲೆಂಡಲ್ಲಿ ಸೇಂಟ್ ಆಂಡ್ರ್ಯೂ ದಿನಕ್ಕೆ ಇದೆ, ಉತ್ತರ ಐರ್ಲೆಂಡಲ್ಲಿ ಸೇಂಟ್ ಪ್ಯಾಟ್ರಿಕ್ ದಿನಕ್ಕೆ ಇದೆ, ವೇಲ್ಸ್‌ಗೆ ಮಾತ್ರ ಇಪ್ಪತ್ತೈದು ವರ್ಷದಿಂದ ಕೇಳ್ತಾನೇ ಇದ್ರೂ ಸಿಕ್ಕಿಲ್ಲ. ಎರಡೂ ಕಡೆ ನಾನೇ ಬರೀತಿದೀನಿ. ನನ್ನ ಮನಸ್ಸು ಪರದ ಕಡೆಗೇ ವಾಲುತ್ತೆ ಅಂತ ಮೊದಲೇ ಹೇಳ್ಬಿಡ್ತೀನಿ, ಆದ್ರೆ ವಿರೋಧದವರು ಶಾಲೆಗಳ ಬಗ್ಗೆ ಹೇಳೋ ಮಾತಿದೆಯಲ್ಲ ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ, ಹಾಗಾಗಿ ಅದನ್ನ ಅವರಷ್ಟೇ ಗಟ್ಟಿಯಾಗಿ ಹೇಳೋಕೆ ಪ್ರಯತ್ನ ಮಾಡಿದೀನಿ.

ಪರ: ರಜೆ ಕೊಡ್ಬೇಕು, ಅದನ್ನ ಕಾರ್ಡಿಫ್ಫೇ ಕೊಡೋ ಹಾಗಾಗ್ಬೇಕು

ಮೊದಲು ಒಂದು ವಿಷಯ ಕ್ಲಿಯರ್ ಆಗ್ಲಿ. ಇಲ್ಲಿ ಒಂದು ದಿನ ಮನೇಲಿ ಮಲಗೋ ಪ್ರಶ್ನೆ ದೊಡ್ಡದಲ್ಲ, ಆ ದಿನವನ್ನ ಯಾರು ತೀರ್ಮಾನ ಮಾಡ್ತಾರೆ ಅನ್ನೋದು ದೊಡ್ಡದು. ಬ್ರಿಟನ್ನಿನಲ್ಲಿ ಸರ್ಕಾರಿ ರಜೆಗೆ ಬ್ಯಾಂಕ್ ರಜೆ ಅಂತಾರೆ, ಅದು 1871ರಲ್ಲಿ ಶುರುವಾಗಿದ್ದು, ಜಾನ್ ಲಬಕ್ ಅನ್ನೋ ಬ್ಯಾಂಕರ್ ಕಮ್ ಎಂಪಿ ತಂದ ಕಾನೂನಿಂದ. ಈಗ ನಡೀತಿರೋದು 1971ರ ಕಾನೂನು. ಅದರ ಅಧಿಕಾರ ಸ್ಕಾಟ್ಲೆಂಡಿಗೆ ಹೋಗಿದೆ, ಉತ್ತರ ಐರ್ಲೆಂಡಿಗೆ ಹೋಗಿದೆ, ವೇಲ್ಸ್‌ದು ಮಾತ್ರ ಲಂಡನ್ನಿನ ಕೈಯಲ್ಲೇ ಉಳ್ಕೊಂಡಿದೆ. ಸೆನೆಡ್‌ಗೆ ಆದಾಯ ತೆರಿಗೆಯ ಒಂದು ಭಾಗದ ದರ ಬದಲಿಸೋ ಅಧಿಕಾರ ಇದೆ, 2023ರಲ್ಲಿ ಊರೊಳಗಿನ ರಸ್ತೆಗಳಲ್ಲಿ ಗಾಡಿ ಗಂಟೆಗೆ 20 ಮೈಲಿ ದಾಟಬಾರದು ಅಂತ ಇಡೀ ದೇಶಕ್ಕೆ ರೂಲ್ ಮಾಡಿದ್ರು, ಆಸ್ಪತ್ರೆ ಶಾಲೆ ಎಲ್ಲಾ ಅವರದ್ದೇ, ಆದ್ರೆ ತಮ್ಮ ಸಂತನ ದಿನ ಆಫೀಸಿಗೆ ಬೀಗ ಹಾಕ್ಬೇಕಂದ್ರೆ ಇನ್ನೊಂದು ರಾಜಧಾನಿಗೆ ಕಾಗದ ಬರೀಬೇಕು. ಇದು ಯಾವ ನ್ಯಾಯ ಅಂತ ಕೇಳಿದ್ರೆ ತಪ್ಪೇನಿದೆ?

ನಮಗೆ ಇದು ಅರ್ಥ ಆಗೋದು ಕಷ್ಟ ಅಲ್ಲ. ನವೆಂಬರ್ 1ಕ್ಕೆ ಕರ್ನಾಟಕದಲ್ಲಿ ರಜೆ ಕೊಡೋದಕ್ಕೆ ನಮ್ಮ ಸರ್ಕಾರ ದೆಹಲಿಗೆ ಅರ್ಜಿ ಹಾಕಲ್ಲ. ಪ್ರತಿ ವರ್ಷ ಬೆಂಗಳೂರಲ್ಲೇ ಪಟ್ಟಿ ರೆಡಿಯಾಗುತ್ತೆ, ರಾಜ್ಯೋತ್ಸವ, ಕನಕ ಜಯಂತಿ, ಬಸವ ಜಯಂತಿ, ಯುಗಾದಿ ಎಲ್ಲಾ ಅದರಲ್ಲಿರುತ್ತೆ. ಒಂದು ವೇಳೆ ರಾಜ್ಯೋತ್ಸವಕ್ಕೆ ರಜೆ ಕೊಟ್ರೆ ಹೊಸೂರಿಂದ ಬೆಂಗಳೂರಿಗೆ ಕೆಲಸಕ್ಕೆ ಬರೋರಿಗೆ ತೊಂದ್ರೆ ಆಗುತ್ತೆ, ಹಾಗಾಗಿ ಕೊಡಲ್ಲ ಅಂತ ದೆಹಲಿಯ ಯಾರೋ ಮಂತ್ರಿ ಹೇಳಿದ್ರೆ ನಾವು ಸುಮ್ನಿರ್ತಿದ್ವಾ? ವೇಲ್ಸ್‌ಗೆ ಸಿಕ್ಕಿರೋ ಉತ್ತರ ಹೆಚ್ಚೂ ಕಮ್ಮಿ ಇದೇ.

ಯಾಕಂದ್ರೆ ನಡೆದಿದ್ದು ನೋಡಿ. 2000ದಲ್ಲಿ ವೇಲ್ಸ್ ಅಸೆಂಬ್ಲಿ (ಸೆನೆಡ್‌ಗೆ ಆಗ ಇದ್ದ ಹೆಸರು) ಒಮ್ಮತದಿಂದ ರಜೆ ಬೇಕು ಅಂತ ನಿರ್ಣಯ ಮಾಡ್ತು, ಎಲ್ಲಾ ಪಕ್ಷದವರೂ ಸೇರಿ. 2007ರಲ್ಲಿ ಟೋನಿ ಬ್ಲೇರ್ ಪ್ರಧಾನಿ ಆಗಿದ್ದಾಗ ಜನರ ಅರ್ಜಿ ಹೋಯ್ತು, ಆಗಲ್ಲ ಅಂದ್ರು. 2022ರಲ್ಲಿ ಉತ್ತರದ ಗ್ವಿನೆಡ್ ಕೌನ್ಸಿಲ್, ಅದು ವೆಲ್ಷ್ ಭಾಷೆ ಇವತ್ತಿಗೂ ಬೀದಿ ಮಾತಾಗಿರೋ ಜಾಗ, ಲಂಡನ್ ಕೊಡದಿದ್ರೆ ಬೇಡ ನಾವೇ ಕೊಡ್ತೀವಿ ಅಂತ ತನ್ನ ನೌಕರರಿಗೆ ರಜೆ ಕೊಟ್ಟೇಬಿಡ್ತು. ಆಗಲೂ ಲಂಡನ್ನಿನ ಉತ್ತರ ಅದೇ: ವೇಲ್ಸ್-ಇಂಗ್ಲೆಂಡ್ ಗಡಿ ದಾಟಿ ದಿನಾ ಕೆಲಸಕ್ಕೆ ಓಡಾಡೋರು ಸ್ಕಾಟ್ಲೆಂಡ್ ಗಡಿಗಿಂತ ಜಾಸ್ತಿ, ಹಾಗಾಗಿ ಬಿಸಿನೆಸ್‌ಗೆ ಅಡಚಣೆ ಆಗುತ್ತೆ ಅಂತ.

ಗಡಿ ವಾದ ಕೇಳೋಕೆ ಸರಿ ಅನ್ಸುತ್ತೆ, ಸ್ವಲ್ಪ ಕೆದಕಿದ್ರೆ ನಿಲ್ಲಲ್ಲ. ಆಗಸ್ಟ್ ಬ್ಯಾಂಕ್ ರಜೆ ಸ್ಕಾಟ್ಲೆಂಡಲ್ಲಿ ತಿಂಗಳ ಮೊದಲ ಸೋಮವಾರ, ಇಂಗ್ಲೆಂಡಲ್ಲಿ ಕೊನೆ ಸೋಮವಾರ. ಜನವರಿ 2 ಸ್ಕಾಟ್ಲೆಂಡಿಗೆ ಮಾತ್ರ. ಜುಲೈ 12 ಉತ್ತರ ಐರ್ಲೆಂಡಿಗೆ ಮಾತ್ರ, ಅವರ ಗಡಿಯಾಚೆ ಇರೋದು ಇನ್ನೊಂದು ಸ್ವತಂತ್ರ ದೇಶ. ಇಷ್ಟು ವರ್ಷದಿಂದ ನಡ್ಕೊಂಡು ಬಂದಿದೆ, ಯಾವ ಕಾರ್ಖಾನೆಯೂ ಮುಳುಗಿಲ್ಲ. ಲೆಕ್ಕ ಹಾಕಿದ್ರೆ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ವರ್ಷಕ್ಕೆ 8 ರಜೆ, ಸ್ಕಾಟ್ಲೆಂಡಿಗೆ 9, ಉತ್ತರ ಐರ್ಲೆಂಡಿಗೆ 10. ಒಂದು ಸೇರಿಸಿದ್ರೂ ವೇಲ್ಸ್ ಸ್ಕಾಟ್ಲೆಂಡಿನ ಸಮಕ್ಕೆ ಬರುತ್ತೆ ಅಷ್ಟೇ.

ದುಡ್ಡಿನ ವಾದಕ್ಕೂ ಉತ್ತರ ಅವರೇ ಕೊಟ್ಟಿದಾರೆ. 2022ರ ಜೂನ್ 3ಕ್ಕೆ ರಾಣಿಯ ಜ್ಯೂಬಿಲಿಗೆ ಎಕ್ಸ್ಟ್ರಾ ರಜೆ, ಅದೇ ವರ್ಷ ಸೆಪ್ಟೆಂಬರ್ 19ಕ್ಕೆ ರಾಣಿಯ ಅಂತ್ಯಸಂಸ್ಕಾರಕ್ಕೆ ಇನ್ನೊಂದು, ಅದೂ ಕೆಲವೇ ದಿನದ ನೋಟೀಸಲ್ಲಿ, ಮುಂದಿನ ವರ್ಷ ಮೇ 8ಕ್ಕೆ ರಾಜನ ಪಟ್ಟಾಭಿಷೇಕಕ್ಕೆ ಮತ್ತೊಂದು. ಆ ಗೌರವ ಕೊಡ್ಬಾರ್ದಿತ್ತು ಅಂತ ಹೇಳ್ತಿಲ್ಲ. ಅರಮನೆಗೋಸ್ಕರ ಒಂದೇ ವರ್ಷದಲ್ಲಿ ಎರಡು ದಿನ ಕೊಡೋಕೆ ಆಗುತ್ತೆ ಅಂದ್ಮೇಲೆ ಒಂದು ಜನಾಂಗ ಸಾವಿರ ವರ್ಷದಿಂದ ಇಟ್ಕೊಂಡು ಬಂದಿರೋ ದಿನಕ್ಕೆ ಒಂದು ಕೊಡೋಕೆ ಆರ್ಥಿಕತೆ ಅಡ್ಡ ಬರುತ್ತೆ ಅನ್ನೋದನ್ನ ಒಪ್ಪೋಕಾಗಲ್ಲ.

ಇನ್ನು ಆ ದಿನದ ತೂಕ. ವೆಲ್ಷ್ ಜನ ಈ ದಿನವನ್ನ ಅವಮಾನದಲ್ಲೂ ಇಟ್ಕೊಂಡು ಬಂದಿದಾರೆ. 1667ರ ಮಾರ್ಚ್ 1ಕ್ಕೆ ಲಂಡನ್ನಿನಲ್ಲಿ ವೆಲ್ಷ್ ಮನುಷ್ಯನ ಥರ ಡ್ರೆಸ್ ಮಾಡಿದ ಬೊಂಬೆಯನ್ನ ನೇಣು ಹಾಕಿ ತೂಗುಬಿಟ್ಟಿದ್ದನ್ನ ಆ ಊರಿನ ಸರ್ಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಡೈರಿಯಲ್ಲಿ ಬರೆದಿದಾನೆ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಹೆನ್ರಿ 8ರ ಕಾಲದ ಕಾನೂನು ಕೋರ್ಟ್ ಕಚೇರಿಯಿಂದ ಅವರ ಭಾಷೆಯನ್ನೇ ಹೊರಗಿಟ್ಟಿತ್ತು. 19ನೇ ಶತಮಾನದಲ್ಲಿ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕತ್ತಿಗೆ ಮರದ ತುಂಡು ನೇತು ಹಾಕ್ತಿದ್ರು, ಅದು ಇನ್ನೊಂದು ಮಗು ವೆಲ್ಷ್ ಮಾತಾಡಿ ಸಿಕ್ಕಿಬಿದ್ರೆ ಅದರ ಕತ್ತಿಗೆ ಹೋಗೋದು, ದಿನದ ಕೊನೆಗೆ ಯಾರ ಕತ್ತಲ್ಲಿರುತ್ತೋ ಅವರಿಗೆ ಏಟು. ಕಾನ್ವೆಂಟಲ್ಲಿ ಕನ್ನಡ ಮಾತಾಡಿದ್ದಕ್ಕೆ ಫೈನ್ ಕಟ್ಟಿರೋರು ನಮ್ಮಲ್ಲೂ ಇದಾರೆ, ಅವರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ.

ಮತ್ತೆ ಮಾರ್ಚ್ 1 ಅನ್ನೋದು ಬರೀ ಚರ್ಚಿನ ದಿನವೂ ಅಲ್ಲ. 1979ರಲ್ಲಿ ವೇಲ್ಸ್‌ಗೆ ಸ್ವಂತ ಅಸೆಂಬ್ಲಿ ಬೇಕಾ ಅಂತ ಜನಮತ ಕೇಳಿದ್ದು ಇದೇ ಮಾರ್ಚ್ 1ಕ್ಕೆ. ಐದರಲ್ಲಿ ನಾಲ್ಕು ಪಾಲು ಬೇಡ ಅಂದ್ಬಿಟ್ರು. ಅದು ದೊಡ್ಡ ಸೋಲು, ಆಮೇಲೆ ಚೇತರಿಸ್ಕೊಳ್ಳೋಕೆ 18 ವರ್ಷ ಬೇಕಾಯ್ತು. 1997ರಲ್ಲಿ ಮತ್ತೆ ಕೇಳಿದಾಗ ಬರೀ 6,721 ವೋಟಿನ ಅಂತರದಲ್ಲಿ ಬೇಕು ಅಂತ ಆಯ್ತು, ಇಡೀ ದೇಶದ ಭವಿಷ್ಯ ಒಂದು ಸಣ್ಣ ಟೌನಿನಷ್ಟು ಜನರ ವೋಟಲ್ಲಿ ತಿರುಗಿದ್ದು. ಸೆನೆಡ್ ಕಟ್ಟಡ ಉದ್ಘಾಟನೆ ಆಗಿದ್ದು 2006ರ ಮಾರ್ಚ್ 1ಕ್ಕೆ. ಹೀಗೆ ಸೋತಿದ್ದೂ ಆ ದಿನವೇ, ಮನೆ ಕಟ್ಕೊಂಡು ಬಾಗಿಲು ತೆರೆದಿದ್ದೂ ಆ ದಿನವೇ. ಧರ್ಮ ನಂಬದವರಿಗೂ ಈ ತಾರೀಕಲ್ಲಿ ಅರ್ಥ ಇದೆ ಅಂತ ಹೇಳೋದು ಅದಕ್ಕೇ.

ಪಕ್ಕದ ಐರ್ಲೆಂಡ್ ಏನು ಮಾಡಿದೆ ನೋಡಿ. ಮಾರ್ಚ್ 17 ಅಲ್ಲಿ ರಜೆ ಆಗಿದ್ದು 1903ರಲ್ಲಿ, ಆಗ ಇಡೀ ಐರ್ಲೆಂಡ್ ಬ್ರಿಟಿಷರ ಕೈಯಲ್ಲೇ ಇತ್ತು. ಅಂದ್ರೆ ಲಂಡನ್ ಪಾರ್ಲಿಮೆಂಟು 1903ರಲ್ಲೇ ಐರಿಷ್ ಸಂತನಿಗೆ ಕೊಟ್ಟಿದ್ದನ್ನ ವೆಲ್ಷ್ ಸಂತನಿಗೆ ಇವತ್ತಿಗೂ ಕೊಟ್ಟಿಲ್ಲ. ಇವತ್ತು ಆ ದಿನ ಪ್ರಪಂಚದ ಎಷ್ಟೋ ಕಡೆ ಐರಿಷ್ ಜನರ ಹೆಸರು ಕೇಳುತ್ತೆ. 2023ರಿಂದ ಐರ್ಲೆಂಡ್ ಸೇಂಟ್ ಬ್ರಿಜಿಡ್ ಹೆಸರಲ್ಲೂ ಫೆಬ್ರವರಿಯಲ್ಲಿ ರಜೆ ಕೊಡ್ತಿದೆ, ಅಲ್ಲಿ ಒಬ್ಬ ಹೆಣ್ಣಿನ ಹೆಸರಿನ ಮೊದಲ ಸರ್ಕಾರಿ ರಜೆ ಅದು. ಇಟಲಿ 1977ರಲ್ಲಿ ರದ್ದು ಮಾಡಿದ್ದ ಸಂತ ಫ್ರಾನ್ಸಿಸ್ ದಿನದ ರಜೆಯನ್ನ 2026ರಿಂದ ವಾಪಸ್ ತರೋ ಕಾನೂನನ್ನ 2025ರಲ್ಲಿ ಪಾಸ್ ಮಾಡ್ತು.

ಕೊನೆಗೆ ಒಂದು ಸಿಂಪಲ್ ವಿಷಯ. ಜನವರಿ 1 ಆದ್ಮೇಲೆ ಈಸ್ಟರ್ ಬರೋವರೆಗೂ ವೇಲ್ಸ್‌ನಲ್ಲಿ ಒಂದೂ ಬ್ಯಾಂಕ್ ರಜೆ ಇಲ್ಲ, ಈಸ್ಟರ್ ಕೆಲವು ವರ್ಷ ಏಪ್ರಿಲ್ ಮೂರನೇ ವಾರ ದಾಟುತ್ತೆ. ಕತ್ತಲೆ, ಮಳೆ, ಚಳಿ ಇರೋ ಮೂರು ತಿಂಗಳು. ಮಾರ್ಚ್ 1ರ ಹೊತ್ತಿಗೆ ಡ್ಯಾಫೋಡಿಲ್ ಅರಳ್ತಿರುತ್ತೆ. ಕಾರ್ಡಿಫ್‌ನಲ್ಲಿ ಪರೇಡ್ ನಡೆಯುತ್ತೆ, ಅದನ್ನ ನೋಡ್ಬೇಕು ಅಂದ್ರೆ ಈಗ ಜನ ತಮ್ಮ ಸ್ವಂತ ಲೀವ್ ಹಾಕ್ಬೇಕು. ತನ್ನ ನಾಡಹಬ್ಬಕ್ಕೆ ಮ್ಯಾನೇಜರ್ ಹತ್ರ ಪರ್ಮಿಷನ್ ಕೇಳೋ ಪರಿಸ್ಥಿತಿ ಯಾರಿಗೂ ಬರಬಾರದು.

ವಿರೋಧ: ರಜೆ ಬೇಡ, ಆ ದಿನ ಬದುಕಿರೋದೇ ಶಾಲೆಯ ಬಾಗಿಲು ತೆರೆದಿರೋದ್ರಿಂದ

ಅಧಿಕಾರ ಕಾರ್ಡಿಫ್ ಕೈಗೆ ಬರ್ಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ, ಬರ್ಲಿ. ಆದ್ರೆ ಅಧಿಕಾರ ಬಂದ ತಕ್ಷಣ ಅದನ್ನ ಉಪಯೋಗಿಸಿ ಮಾರ್ಚ್ 1ಕ್ಕೆ ಬೀಗ ಹಾಕ್ಬೇಕಾ ಅನ್ನೋದು ಬೇರೆ ಪ್ರಶ್ನೆ, ಪರದವರು ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿ ತಂದಿದಾರೆ.

ಮಾರ್ಚ್ 1ರ ಬೆಳಿಗ್ಗೆ ವೇಲ್ಸ್‌ನ ಯಾವುದೇ ಪ್ರೈಮರಿ ಶಾಲೆಯ ಗೇಟ್ ಹತ್ರ ನಿಂತ್ರೆ ಕಾಣೋದು ಇದು: ಹೆಣ್ಮಕ್ಕಳು ಕೆಂಪು ಶಾಲು ಹೊದ್ದು, ಎತ್ತರದ ಕರಿ ಟೋಪಿ, ಚೌಕಳಿ ಸ್ಕರ್ಟು, ಗಂಡುಮಕ್ಕಳು ವೇಸ್ಟ್‌ಕೋಟು ಅಥವಾ ಕೆಂಪು ರಗ್ಬಿ ಜರ್ಸಿ, ಎದೆಗೆ ಡ್ಯಾಫೋಡಿಲ್ ಇಲ್ಲಾ ಲೀಕ್ ಅನ್ನೋ ಈರುಳ್ಳಿ ಜಾತಿಯ ತರಕಾರಿ. ಒಳಗೆ ಐಸ್ಟೆಡ್‌ವೊಡ್, ಅಂದ್ರೆ ಹಾಡು, ಪದ್ಯ ವಾಚನ, ಕಥೆ ಬರೆಯೋ ಸ್ಪರ್ಧೆ. ಗೆದ್ದ ಪುಟ್ಟ ಕವಿಯನ್ನ ಕುರ್ಚಿ ಮೇಲೆ ಕೂರಿಸಿ ಎಲ್ಲರೂ ಎದ್ದು ನಿಂತು ಗೌರವ ಕೊಡ್ತಾರೆ, ಕವಿಗೆ ಕುರ್ಚಿ ಕೊಡೋದು ಆ ನಾಡಿನ ದೊಡ್ಡ ಸಂಪ್ರದಾಯ, ಅದರ ಮಕ್ಕಳ ರೂಪ ಇದು. ಮಧ್ಯಾಹ್ನ ಕೌಲ್ ಅನ್ನೋ ಕುರಿಮಾಂಸ ತರಕಾರಿ ಸಾರು. ವಾರಗಟ್ಟಲೆ ತಯಾರಿ ಇರುತ್ತೆ, ಟೀಚರ್‌ಗಳು ತಮ್ಮ ಸಮಯ ಹಾಕಿ ಮಾಡಿಸ್ತಾರೆ.

ಇದನ್ನ ಯಾವ ಮನೆಯೂ ಮಾಡೋಕಾಗಲ್ಲ. ಯಾಕಂದ್ರೆ 2021ರ ಜನಗಣತಿ ಪ್ರಕಾರ ವೆಲ್ಷ್ ಮಾತಾಡೋರು ಶೇಕಡಾ 17.8, ಸುಮಾರು 5 ಲಕ್ಷ 38 ಸಾವಿರ. ಉಳಿದ ಎಂಬತ್ತು ಪರ್ಸೆಂಟ್ ಜನರ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಗೇ ಭಾಷೆ ತಪ್ಪಿ ಹೋಗಿದೆ, ಅಪ್ಪ ಅಮ್ಮನಿಗೆ ನಾಲ್ಕು ಪದ ಬರುತ್ತೆ. ಆ ಮಕ್ಕಳಿಗೆ ಭಾಷೆ ಸಿಗೋ ಜಾಗ ಅಂದ್ರೆ ಶಾಲೆ, 16 ವರ್ಷದವರೆಗೆ ವೆಲ್ಷ್ ಅಲ್ಲಿ ಕಡ್ಡಾಯ. 2050ರ ಹೊತ್ತಿಗೆ ಹತ್ತು ಲಕ್ಷ ಜನ ಮಾತಾಡ್ಬೇಕು ಅನ್ನೋ ಸರ್ಕಾರದ ಗುರಿ ನಿಂತಿರೋದೂ ಶಾಲೆಗಳ ಮೇಲೇ. ವರ್ಷಕ್ಕೆ ಒಂದು ದಿನ ಆ ಭಾಷೆ ಪಾಠ ಆಗಿರದೆ ಹಬ್ಬ ಆಗಿರುತ್ತೆ, ಆ ಒಂದು ದಿನವನ್ನೇ ಶಾಲೆ ಮುಚ್ಚೋ ದಿನ ಮಾಡೋಣ ಅಂತಿದೀರಿ.

ಪರದವರು ಧರ್ಮ ನಂಬದವರಿಗೂ ಈ ದಿನ ಸೇರಿದ್ದು ಅಂದ್ರು, ನಿಜ, ಆದ್ರೆ ಅದನ್ನ ಸೇರಿಸಿದ್ದೂ ಶಾಲೆಯೇ. 2021ರ ಗಣತಿಯಲ್ಲಿ ವೇಲ್ಸ್‌ನ ಶೇಕಡಾ 46.5 ಜನ ಯಾವ ಧರ್ಮವೂ ಇಲ್ಲ ಅಂತ ಬರೆಸಿದಾರೆ, ಕ್ರಿಶ್ಚಿಯನ್ ಅಂದೋರು 43.6. ಕಾರ್ಡಿಫ್‌ನ ಬ್ಯೂಟ್‌ಟೌನಲ್ಲಿ 19ನೇ ಶತಮಾನದಿಂದ ಸೊಮಾಲಿ ನಾವಿಕರ ಕುಟುಂಬಗಳಿವೆ, ಕಲ್ಲಿದ್ದಲು ಕಣಿವೆಗಳ ಊರುಗಳಲ್ಲಿ ದಶಕಗಳಿಂದ ಇಂಡಿಯಾದ ಡಾಕ್ಟರ್‌ಗಳಿದಾರೆ, ಅವರಲ್ಲಿ ಕನ್ನಡದವರೂ ಇದಾರೆ. ಇವರ ಮನೆ ಮಕ್ಕಳು ಕರಿ ಟೋಪಿ ಹಾಕ್ಕೊಂಡು ಕ್ಲಾಸಿನ ಎಲ್ಲರ ಜೊತೆ ವೆಲ್ಷ್ ಹಾಡು ಹಾಡೋದು ಅವತ್ತು. ರಜೆ ಕೊಟ್ರೆ ಆ ಮಗು ಮನೇಲಿರುತ್ತೆ, ಚರ್ಚಿಗೂ ಹೋಗಲ್ಲ, ಪರೇಡಿಗೂ ಹೋಗಲ್ಲ, ಸಂತ ಮತ್ತೆ ಚರ್ಚಿನವರ ಸಂತ ಆಗ್ಬಿಡ್ತಾನೆ. ಒಬ್ಬ ಬಿಷಪ್ಪನ್ನ ಎಲ್ಲರ ಮನುಷ್ಯ ಮಾಡಿದ ಜಾಗವನ್ನೇ ಕಳ್ಕೊಳ್ಳೋದು ಜಾಣತನ ಅಲ್ಲ.

ಶನಿವಾರ ಭಾನುವಾರ ಬಂದಾಗ ಶುಕ್ರವಾರವೇ ಮಾಡ್ತಾರಲ್ಲ ಅಂತ ಕೇಳ್ಬಹುದು. ಹೌದು, 2025ರಲ್ಲಿ ಮಾರ್ಚ್ 1 ಶನಿವಾರ, 2026ರಲ್ಲಿ ಭಾನುವಾರ, ಹಾಗೆ ಅಡ್ಜಸ್ಟ್ ಮಾಡ್ಕೊಳ್ತಾರೆ. ಆದ್ರೆ ಏಳು ವರ್ಷದಲ್ಲಿ ಎರಡು ಸಲ ಅಡ್ಜಸ್ಟ್ ಮಾಡೋದು ಬೇರೆ, ಪ್ರತಿ ವರ್ಷ ನಿಜವಾದ ದಿನ ಖಾಲಿ ಬಿಟ್ಟು ಹಿಂದಿನ ದಿನ ಹಬ್ಬ ಮಾಡೋದು ಬೇರೆ. ಆಗಸ್ಟ್ 15ಕ್ಕೆ ನಮ್ಮ ಮಕ್ಕಳು ರಜೆ ಇದ್ರೂ ಶಾಲೆಗೆ ಹೋಗಿ ಬಾವುಟ ಹಾರಿಸಿ ಸಿಹಿ ತಗೊಂಡು ಬರ್ತಾರೆ ಅನ್ನೋದು ಚೆನ್ನಾಗಿದೆ, ಅದು ನಮ್ಮಲ್ಲಿ ಬೇರೂರಿರೋ ಪದ್ಧತಿ, ಮೇಲಿಂದ ಆದೇಶವೂ ಇರುತ್ತೆ. ಅಲ್ಲಿ ಬ್ಯಾಂಕ್ ರಜೆ ಅಂದ್ರೆ ಶಾಲೆಗೆ ಬೀಗ, ಬನ್ನಿ ಅಂತ ಟೀಚರ್‌ಗೆ ಹೇಳೋಕೂ ಆಗಲ್ಲ.

ಹಾಗಾದ್ರೆ ಜನ ಎಲ್ಲಿಗೆ ಹೋಗ್ತಾರೆ? ಅವತ್ತು ಇಂಗ್ಲೆಂಡ್ ಪೂರ್ತಿ ತೆರೆದಿರುತ್ತೆ. ಸೆವರ್ನ್ ನದಿಯ ಸೇತುವೆ ಟೋಲ್ 2018ರ ಕೊನೆಯಲ್ಲೇ ತೆಗೆದುಬಿಟ್ಟಿದಾರೆ, ವೇಲ್ಸ್‌ನ ನ್ಯೂಪೋರ್ಟಿಂದ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಕಾರಲ್ಲಿ ಸ್ವಲ್ಪ ಹೊತ್ತು, ಉತ್ತರದಲ್ಲಿ ರೆಕ್ಸಮ್‌ನಿಂದ ಇಂಗ್ಲೆಂಡಿನ ಚೆಸ್ಟರ್ ಇನ್ನೂ ಹತ್ತಿರ. ದೆವಿಯ ದಿನ ಗಡಿಯಾಚೆಯ ಮಾಲ್‌ಗಳು ತುಂಬುತ್ತವೆ. ಗಡಿ ವಾದವನ್ನ ಪರದವರು ಬಿಸಿನೆಸ್ ಲೆಕ್ಕದಲ್ಲಷ್ಟೇ ನೋಡಿದ್ರು, ಹಬ್ಬದ ಲೆಕ್ಕದಲ್ಲಿ ನೋಡಿದ್ರೆ ಅದು ಇನ್ನೂ ಗಟ್ಟಿ. ಐರ್ಲೆಂಡಿನ ರಾಜಧಾನಿ ಡಬ್ಲಿನ್‌ಗೆ ಪಕ್ಕದಲ್ಲೇ ಒಂದು ತೆರೆದ ಬ್ರಿಸ್ಟಲ್ ಇರಲಿಲ್ಲ. ಮತ್ತೆ ಐರ್ಲೆಂಡಿನ ಉದಾಹರಣೆ ಪೂರ್ತಿ ಹೇಳ್ಬೇಕಂದ್ರೆ, ಅಲ್ಲಿ ದಶಕಗಳ ಕಾಲ ಮಾರ್ಚ್ 17ಕ್ಕೆ ಪಬ್‌ಗಳನ್ನ ಕಾನೂನಿಂದ ಮುಚ್ಚಿಸ್ತಿದ್ರು, ಈಗ ಆ ದಿನದ ಹೆಸರು ಹೇಳಿದ್ರೆ ಪ್ರಪಂಚಕ್ಕೆ ನೆನಪಾಗೋದು ಹಸಿರು ಬಿಯರ್. ದೆವಿ ನೀರು ಮಾತ್ರ ಕುಡೀತಿದ್ದ ಸನ್ಯಾಸಿ. ಅವನ ಮಠದವರು ಎತ್ತು ಕಟ್ಟದೆ ತಾವೇ ನೇಗಿಲು ಎಳೆದು ಉಳ್ತಿದ್ರು, ರೊಟ್ಟಿ ಸೊಪ್ಪು ಉಪ್ಪು ತಿಂದು ಬದುಕಿದ್ರು ಅಂತ 11ನೇ ಶತಮಾನದ ಕೊನೆಯಲ್ಲಿ ಬರೆದ ಅವನ ಚರಿತ್ರೆ ಹೇಳುತ್ತೆ. ಸಾಯೋ ಮುಂಚೆ ಶಿಷ್ಯರಿಗೆ ಚಿಕ್ಕ ಚಿಕ್ಕ ಕೆಲಸಗಳನ್ನ ಬಿಡದೆ ಮಾಡ್ತಾ ಇರಿ ಅಂದ ಅಂತ ಪ್ರತೀತಿ, ಈ ಮಾತು ಅಲ್ಲಿ ಪ್ರತಿ ಮಗುವಿಗೂ ಗೊತ್ತು, ಗೊತ್ತಾಗಿದ್ದು ಶಾಲೇಲಿ.

ನಮ್ಮ ಅನುಭವವನ್ನೂ ಪರದವರು ಅರ್ಧ ಮಾತ್ರ ತಂದಿದಾರೆ. ಬಸವ ಜಯಂತಿ, ಕನಕ ಜಯಂತಿ, ವಾಲ್ಮೀಕಿ ಜಯಂತಿ ಎಲ್ಲಕ್ಕೂ ರಜೆ ಇದೆ, ಆ ದಿನ ಎಷ್ಟು ಮನೆಗಳಲ್ಲಿ ಒಂದು ವಚನ ಓದ್ತಾರೆ, ಎಷ್ಟು ಮಕ್ಕಳು ಒಂದು ಕನಕನ ಕೀರ್ತನೆ ಕೇಳ್ತಾರೆ? ಕಾಯಕ ಕಲಿಸಿದ ಬಸವಣ್ಣನ ಹೆಸರಲ್ಲಿ ಲಾಂಗ್ ವೀಕೆಂಡ್ ಟ್ರಿಪ್ ಪ್ಲಾನ್ ಆಗುತ್ತೆ. ಇದು ನೋವಿನ ವಿಷಯ. 2017ರಲ್ಲಿ ಉತ್ತರ ಪ್ರದೇಶ ಸರ್ಕಾರ ಮಹನೀಯರ ಜಯಂತಿ ಪುಣ್ಯತಿಥಿಗಳ 15 ರಜೆಗಳನ್ನ ಒಟ್ಟಿಗೇ ರದ್ದು ಮಾಡ್ತು, ಅವತ್ತು ಶಾಲೆ ನಡೀಲಿ, ಆ ವ್ಯಕ್ತಿ ಬಗ್ಗೆ ಮಕ್ಕಳಿಗೆ ಹೇಳಿ ಅಂತ. ಆ ಸರ್ಕಾರದ ರಾಜಕೀಯ ಒಪ್ತೀರೋ ಬಿಡ್ತೀರೋ ಬೇರೆ, ಈ ಒಂದು ತರ್ಕ ಸರಿ ಇದೆ. ವೇಲ್ಸ್ ಆ ತರ್ಕದ ಪ್ರಕಾರ ಮೊದಲಿಂದಲೂ ನಡ್ಕೊಂಡು ಬಂದಿದೆ.

ಇನ್ನೂ ಒಂದು ವಿಷಯ, ಇದನ್ನ ಯಾರೂ ಮಾತಾಡಲ್ಲ. ಬ್ಯಾಂಕ್ ರಜೆ ಘೋಷಣೆ ಆದ್ರೆ ಎಲ್ಲರಿಗೂ ರಜೆ ಸಿಗುತ್ತೆ ಅನ್ನೋದು ತಪ್ಪು ತಿಳುವಳಿಕೆ. ಬ್ರಿಟನ್ ಕಾನೂನಲ್ಲಿ ನೌಕರನಿಗೆ ವರ್ಷಕ್ಕೆ 5.6 ವಾರ, ವಾರಕ್ಕೆ ಐದು ದಿನ ಕೆಲಸ ಮಾಡೋನಿಗೆ 28 ದಿನ ಸಂಬಳದ ರಜೆ ಹಕ್ಕು, ಬ್ಯಾಂಕ್ ರಜೆಗಳನ್ನ ಮಾಲೀಕ ಆ 28ರ ಒಳಗೇ ಸೇರಿಸ್ಬಹುದು. ಅಂದ್ರೆ ಬೇಕಾದ್ರೆ ಕೊಟ್ಟ ಹಾಗೆ ಮಾಡಿ ಬೇರೆ ಕಡೆ ಕಿತ್ಕೊಳ್ಬಹುದು, ಆಗಸ್ಟಲ್ಲಿ ಮಕ್ಕಳ ಜೊತೆ ಇರೋಕೆ ಇಟ್ಕೊಂಡಿದ್ದ ಒಂದು ದಿನ ಮಾರ್ಚ್ 1ಕ್ಕೆ ಹೋಗುತ್ತೆ. ಅಂಗಡಿ, ಹೋಟೆಲ್, ವೃದ್ಧರ ಆರೈಕೆ ಮಾಡೋ ಕೇರ್ ಹೋಮ್, ಡೆಲಿವರಿ ಕೆಲಸದವರಿಗೆ ಅದೂ ಇಲ್ಲ, ಅವತ್ತು ಶಾಲೆ ಮುಚ್ಚಿರೋದ್ರಿಂದ ಮಕ್ಕಳನ್ನ ನೋಡ್ಕೊಳ್ಳೋರಿಗೆ ದುಡ್ಡು ಕೊಡೋ ಹೊಸ ಖರ್ಚು ಬೇರೆ. ಸ್ಕಾಟ್ಲೆಂಡ್ ಉದಾಹರಣೆ ಕಣ್ಣ ಮುಂದೆನೇ ಇದೆ. ಸೇಂಟ್ ಆಂಡ್ರ್ಯೂ ದಿನದ ಕಾನೂನು 2007ರಲ್ಲಿ ಬಂತು, ಆದ್ರೆ ಬ್ಯಾಂಕ್‌ಗಳೂ ಮುಚ್ಚಲೇಬೇಕು ಅಂತಿಲ್ಲ, ಮಾಲೀಕರು ಕೊಡಲೇಬೇಕು ಅಂತಿಲ್ಲ. ನವೆಂಬರ್ 30ಕ್ಕೆ ಅಲ್ಲಿ ಸರ್ಕಾರಿ ಆಫೀಸಿನವರಿಗೆ ರಜೆ, ಉಳಿದ ಎಷ್ಟೋ ಜನಕ್ಕೆ ಮಾಮೂಲಿ ಕೆಲಸದ ದಿನ.

ಹಾಗಾಗಿ ಸೆನೆಡ್‌ಗೆ ಒಂದು ದಿನ ಈ ಅಧಿಕಾರ ಸಿಕ್ಕಿದ್ರೆ ಅದನ್ನ ಬೇರೆ ತಾರೀಕಿಗೆ ಉಪಯೋಗಿಸ್ಲಿ. 1400ರ ಸೆಪ್ಟೆಂಬರ್ 16ಕ್ಕೆ ಓವೈನ್ ಗ್ಲಿನ್‌ಡೂರ್ ತನ್ನನ್ನ ವೇಲ್ಸ್‌ನ ರಾಜಕುಮಾರ ಅಂತ ಘೋಷಿಸಿಕೊಂಡು ಬಂಡಾಯ ಎದ್ದ, ಆ ದಿನ ಈಗಲೂ ಬಾವುಟ ಹಾರಿಸೋರಿದಾರೆ, ಆಗಸ್ಟ್ ಕೊನೆಯಿಂದ ಕ್ರಿಸ್‌ಮಸ್‌ವರೆಗೆ ಬೇರೆ ಯಾವ ಬ್ಯಾಂಕ್ ರಜೆಯೂ ಇಲ್ಲ, ಶಾಲೆಗಳು ಆಗಷ್ಟೇ ಶುರುವಾಗಿರೋದ್ರಿಂದ ಕೆಡೋ ತಯಾರಿಯೂ ಇರಲ್ಲ. ಆ ರಜೆ ಕೊಡುವಾಗ 28 ದಿನದ ಹಕ್ಕನ್ನ 29 ಮಾಡಿಸ್ಕೊಂಡೇ ಕೊಡ್ಲಿ, ಅದು ಲಂಡನ್ನಿನ ಕಾನೂನು, ಜಗಳ ಆಡೋದಿದ್ರೆ ಅದಕ್ಕೆ ಆಡ್ಲಿ. ಮಾರ್ಚ್ 1ಕ್ಕೆ ಶಾಲೆ ತೆಗೆದಿರ್ಲಿ.